ಮಲೇರಿಯಾ ಇಲಾಖೆಯವರನ್ನು ಮನೆಯೊಳಗೆ ಬಿಡಬೇಕಾ? ಸೊಸೈಟಿ ಮೀಟಿಂಗಿನಲ್ಲಿ ಜಗಳ

ಹದಿನಾಲ್ಕನೇ_ಮಹಡಿ (ಕಾಂದಿವಲಿ) · ಮಂಗಳವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಸುಧಾರಿಸಿಕೊಳ್ಳಿ.

ನಮ್ಮದು ಮುಂಬಯಿಯ ಕಾಂದಿವಲಿಯಲ್ಲಿ ಎರಡು ವಿಂಗಿನ ಫ್ಲ್ಯಾಟ್ ಸೊಸೈಟಿ. ಹೋದ ವರ್ಷ ಕೈಕಾಲು ಹಿಡಿದು ನನ್ನನ್ನು ಸೆಕ್ರೆಟರಿ ಮಾಡಿದರು, ಈಗ ಅನುಭವಿಸುತ್ತಾ ಇದ್ದೇನೆ. ಬಿ ವಿಂಗಿನಲ್ಲಿ ಹದಿನೈದು ದಿನದೊಳಗೆ ಮೂರು ಮನೆಗೆ ಡೆಂಗ್ಯೂ. ಒಂದು ಮಗುವಿಗೆ ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೆ. ಮೊನ್ನೆ ಶನಿವಾರ ಮಲೇರಿಯಾ ಇಲಾಖೆಯಿಂದ ಇಬ್ಬರು ಬಂದರು. ಒಬ್ಬರ ಕೈಯಲ್ಲಿ ಟಾರ್ಚು, ಇನ್ನೊಬ್ಬರ ಕೈಯಲ್ಲಿ ಉದ್ದ ಹಿಡಿಯ ಬಿಳಿ ಸೌಟು. ಟೆರೇಸಿನ ಟ್ಯಾಂಕ್ ನೋಡಬೇಕು ಅಂದರು. ಹತ್ತುವ ಏಣಿಗೆ ತುಕ್ಕು ಹಿಡಿದು ಕೆಳಗಿನ ಎರಡು ಮೆಟ್ಟಿಲೇ ಇಲ್ಲ. ಮುಚ್ಚಳ ಇರಬೇಕಾದಲ್ಲಿ ಹಳೆಯ ಪ್ಲೈವುಡ್ ತುಂಡು, ಅದರ ಮೇಲೊಂದು ಇಟ್ಟಿಗೆ. ಎರಡಕ್ಕೂ ನೋಟಿಸ್ ಕೊಟ್ಟರು. ಅದು ಬಿಡಿ, ನಮ್ಮದೇ ತಪ್ಪು.

ಗಲಾಟೆ ಶುರುವಾದದ್ದು ಅವರು ಫ್ಲ್ಯಾಟುಗಳ ಒಳಗೂ ನೋಡಬೇಕು ಅಂದಾಗ. ಎ ವಿಂಗಿನ ಅರ್ಧ ಜನ ಬಾಗಿಲೇ ತೆಗೆಯಲಿಲ್ಲ. ಒಬ್ಬರು ಇಂಟರ್‌ಕಾಮಿನಲ್ಲಿ ವಾಚ್‌ಮನ್‌ಗೆ ಬಾಯಿಗೆ ಬಂದ ಹಾಗೆ ಬೈದರು, "ಕಂಡಕಂಡವರನ್ನು ಮೇಲೆ ಬಿಡ್ತೀಯಾ" ಅಂತ. ನಿನ್ನೆ ಕಮಿಟಿಯಲ್ಲಿ ಒಂದು ಠರಾವು ಬಂದಿದೆ: ಯಾವ ಆರೋಗ್ಯ ಸಿಬ್ಬಂದಿಯೂ ಫ್ಲ್ಯಾಟಿನೊಳಗೆ ಬರಕೂಡದು, ಬೇಕಾದರೆ ಕಾಂಪೌಂಡಿನಲ್ಲಿ ಫಾಗಿಂಗ್ ಮಾಡಿ ಹೋಗಲಿ. ಭಾನುವಾರ ವೋಟು. ಯಾವ ಕಡೆ ಕೈ ಎತ್ತಬೇಕು ಅಂತ ನನಗೇ ಗೊತ್ತಾಗುವುದಿಲ್ಲ. ನಿಮ್ಮ ಕಡೆ ಎಲ್ಲ ಹೇಗೆ?

ಠಾಣೆ_ತೆರಿಗೆದಾರ · ಮಂಗಳವಾರ ರಾತ್ರಿ 11:05

ಠರಾವಿಗೆ ನನ್ನ ಓಟು. ನಮ್ಮ ಕಟ್ಟಡದ ಹಿಂದೆ ನಾಲಾ ಗಬ್ಬು ನಾರ್ತಿದೆ, ಅದನ್ನ ಯಾರೂ ಕೇಳಲ್ಲ. ನನ್ನ ಫ್ರಿಜ್ ಹಿಂದೆ ಟಾರ್ಚ್ ಬಿಟ್ಟು ನೋಡ್ತಾರಂತೆ! ತೆರಿಗೆ ಕಟ್ಟೋದು ನಾಲಾ ಸ್ವಚ್ಛ ಮಾಡೋಕೆ, ಆಸ್ಪತ್ರೆ ನಡೆಸೋಕೆ. ಜ್ವರ ಬಂದ್ರೆ ಡಾಕ್ಟರ್ ಇದ್ದಾರೆ, ಇನ್ಶೂರೆನ್ಸ್ ಇದೆ. ನನ್ನ ಆರೋಗ್ಯ ನಾನು ನೋಡ್ಕೋತೀನಿ. ಫಾಗಿಂಗ್ ಮಾಡಿಸಿ, ಮುಗೀತು.

ಪರಳ_ಕಾಕಾ · ಬುಧವಾರ ಬೆಳಿಗ್ಗೆ 6:20

ಸೆಕ್ರೆಟರಿ ಸಾಹೇಬ್ರ, ನಿಮ್ಮಲ್ಲಿ ಬಂದ ಆ ಇಬ್ಬರ ಕೆಲಸ ನಾ 31 ವರ್ಷ ಮಾಡೀನಿ. ಅಫಜಲಪುರದಿಂದ ಬಂದು ಪರಳದ ಚಾಳಿನ್ಯಾಗ ಇದ್ದೆ. ಏಣಿ ಹತ್ತಿ ಹತ್ತಿ ಮಣಕಾಲು ಹೋಗ್ಯಾವ.

ಮೊದಲ ಫಾಗಿಂಗ್ ಮಾತು ಮುಗಿಸ್ತೀನಿ. ಆ ಹೊಗಿ ಹಾರಾಡೋ ದೊಡ್ಡ ಸೊಳ್ಳಿ ಕೊಲ್ತದ, ಅದೂ ಹೊಗಿ ತಾಗಿದ್ರ. ನೀರಾಗಿನ ಹುಳಕ್ಕ ಏನೂ ಆಗೂದಿಲ್ಲ, ನಾಕ್ ದಿನಕ್ಕ ಮತ್ತ ಅಷ್ಟ ಹುಟ್ಟತಾವ. ನಾಲಾದಾಗಿನ ಸೊಳ್ಳಿ ಬ್ಯಾರೆ, ಕ್ಯುಲೆಕ್ಸ್. ರಾತ್ರಿ ಕಿವ್ಯಾಗ ಗುಂಯ್ ಅಂತದಲ್ಲ, ಅದು. ಕಡಿತ ಅದರದ ಜಾಸ್ತಿ, ಅದಕ್ಕ ಮಂದಿ ಸಿಟ್ಟೂ ಅದರ ಮ್ಯಾಲ. ಡೆಂಗ್ಯೂ ಸೊಳ್ಳಿ ಗಟಾರಿಗೆ ಹೋಗೂದಿಲ್ಲ. ಅದಕ್ಕ ಸ್ವಚ್ಛ ನೀರು ಬೇಕು, ನೆರಳು ಬೇಕು. ಹಗಲು ಕಡೀತದ. ಪರದೆ ಹಿಂದ, ಮಂಚದ ಕೆಳಗ, ಬಾಗಿಲ ಹಿಂದ ಮೊಳಿಗೆ ಹಾಕಿದ ಕರಿ ಪ್ಯಾಂಟಿನ ಮ್ಯಾಲ ಕುಂಡರ್ತದ. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಆಚಿ ಹೋಗೂದು ಕಮ್ಮಿ. ಅಂದ್ರ ನಿಮ್ಮ ಬಿ ವಿಂಗಿನ ಕೂಸಿಗೆ ಕಡಿದ ಸೊಳ್ಳಿ ನಿಮ್ಮ ಕಾಂಪೌಂಡಿನೊಳಗ ಹುಟ್ಟಿರಬೇಕು, ಭಾಳಾದ್ರ ಬಾಜೂ ಬಿಲ್ಡಿಂಗ್‌ನ್ಯಾಗ. ನಾಲಾದಾಗ ಅಲ್ಲ.

ಎಲ್ಲೆಲ್ಲಿ ಸಿಗ್ತಿದ್ವು ಹೇಳ್ಲಿ? ಫ್ರಿಜ್ಜಿನ ಹಿಂದ ನೀರಿಳಿಯೋ ಟ್ರೇ. ಬಾಟ್ಲಿಯೊಳಗಿನ ಮನಿ ಪ್ಲಾಂಟ್. ಲಕ್ಕಿ ಬಾಂಬೂ ಇಟ್ಟ ಗಾಜಿನ ಬಟ್ಟಲ. ಕುಂಡೀ ಕೆಳಗಿನ ತಟ್ಟಿ. ಬಾಲ್ಕನ್ಯಾಗ ಪಾರಿವಾಳಕ್ಕ ಇಟ್ಟ ನೀರು. ಅದರ ತತ್ತಿ ನೀರಾಗ ತೇಲೂದಿಲ್ಲ, ನೀರಿನ ಗೆರಿ ಮ್ಯಾಲಿನ ಗೋಡಿಗೆ ಅಂಟಿರ್ತದ. ನೀರು ಚೆಲ್ಲಿದ್ರೂ ಒಣಗಿ ತಿಂಗಳಗಟ್ಟಲೆ ಹಂಗ ಕೂಡ್ತಾವ, ನೀರು ಬಿದ್ದ ಕೂಡಲೇ ಏಳ್ತಾವ. ಅದಕ್ಕ ವಾರಕ್ಕೊಮ್ಮಿ ಚೆಲ್ಲಿ, ತಿಕ್ಕಿ, ಒಣಗಿಸು ಅಂತೀವಿ. ವಾರಾನ ಯಾಕ? ತತ್ತಿಯಿಂದ ಸೊಳ್ಳಿ ಆಗ್ಲಿಕ್ಕೆ ಏಳರಿಂದ ಹತ್ತು ದಿನ ಹಿಡಿತದ. ಅದರ ಒಳಗ ಒಮ್ಮಿ ಕೈ ಹಾಕಿದ್ರ ಸಾಕು.

ಟ್ಯಾಂಕಿಂದು ಬ್ಯಾರೆ ಕತಿ. ಅಲ್ಲಿರೂದು ಮಲೇರಿಯಾ ಸೊಳ್ಳಿ, ಅನಾಫಿಲಿಸ್ ಸ್ಟೀಫೆನ್ಸಿ. ಸೌಟು ಬಿಳಿ ಯಾಕ ಇರ್ತದ ಅಂದ್ರ ಹುಳ ಕಾಣ್ಲಿ ಅಂತ. ಡೆಂಗ್ಯೂದು ತೆಲಿ ಕೆಳಗ ಮಾಡಿ ಜೋತಾಡ್ತದ, ಮಲೇರಿಯಾದ್ದು ನೀರಿನ ಮ್ಯಾಲ ಅಡ್ಡ ಮಲಗಿರ್ತದ. ಒಂದು ಸಲ ನೋಡಿದವ ಮರೆಯೂದಿಲ್ಲ. ಟಾರ್ಚಿನ ಬೆಳಕು ಬಿದ್ರ ಸರ್ ಅಂತ ತಳಕ್ಕ ಓಡ್ತಾವ. ತಡಾ ಮಾಡಿದ್ರ ಖಾಲಿ ಸೌಟು ಮ್ಯಾಲ ಬರ್ತದ, ಸೊಸೈಟಿಯವ್ರು ನಗ್ತಾರ.

ಹೋಟೆಲ್_ಹುಡುಗ (ಮಾಟುಂಗಾ) · ಬುಧವಾರ ಬೆಳಿಗ್ಗೆ 9:48

ಕಾಕಾ, ನೀವು ಬರೆದದ್ದು ಓದಿ ಗಲ್ಲಾದಿಂದ ಎದ್ದು ಹೋಗಿ ಹಿಂದಿನ ಡೀಪ್ ಫ್ರೀಜರಿನ ಟ್ರೇ ನೋಡಿ ಬಂದೆ ಮಾರಾಯ್ರೆ. ಸದ್ಯ ಏನೂ ಇರಲಿಲ್ಲ, ಒಂದು ಚಮಚ ಬಿಟ್ಟು.

ನಮ್ಮಲ್ಲಿ ಹನ್ನೊಂದು ಹುಡುಗರು, ಹೆಚ್ಚಿನವರು ಊರಿನವರು, ಕುಂದಾಪುರ ಕಡೆಯವರು. ಎಲ್ಲ ಒಂದೇ ಖೋಲಿಯಲ್ಲಿ ಮಲಗುವುದು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ದೋಸೆ ಹುಡುಗನಿಗೆ ಮಲೇರಿಯಾ, ವೈವಾಕ್ಸ್ ಎಂಬ ಬಗೆ. ಮೂರು ದಿನ ಮಾತ್ರೆ ತಿಂದ, ಜ್ವರ ಬಿಟ್ಟಿತು, ತವಾದ ಮುಂದೆ ನಿಂತ. ಇನ್ನೂ ಹನ್ನೊಂದು ದಿನದ ಮಾತ್ರೆ ಉಳಿದಿತ್ತು, ಹದಿನಾಲ್ಕು ದಿನದ ಪ್ರೈಮಾಕ್ವಿನ್. "ಉಷ್ಣ ಆಗ್ತದೆ ಅಣ್ಣ" ಅಂತ ಬಿಟ್ಟ. ನಾನೂ ಗಮನ ಕೊಡಲಿಲ್ಲ. ಎರಡು ತಿಂಗಳಲ್ಲಿ ಮತ್ತೆ ಜ್ವರ, ಈ ಸಲ ಅವನ ಪಕ್ಕ ಮಲಗುವ ಇಬ್ಬರಿಗೂ. ಆಮೇಲೆ ಡಿಸ್ಪೆನ್ಸರಿಯ ಹೆಂಗಸು ಒಬ್ಬರು ದಿನಾ ಮಧ್ಯಾಹ್ನ ಬಂದು ನಿಂತು ಮಾತ್ರೆ ನುಂಗಿಸಿದರು. ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕೂತಿರ್ತದೆ, ಅದನ್ನು ತೊಳೆಯಲಿಕ್ಕೆ ಆ ಹದಿನಾಲ್ಕು ದಿನ ಅಂತ ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಕಾಲೇಜು ಕಲಿತದ್ದು ದಂಡ.

ಠಾಣೆಯವರೇ, ನಿಮ್ಮ ಆರೋಗ್ಯ ನೀವು ನೋಡಿಕೊಳ್ಳಿ, ಸಂತೋಷ. ಆದರೆ ನಮ್ಮ ಹುಡುಗ ಮಾತ್ರೆ ಬಿಟ್ಟದ್ದು ಅವನ ಆರೋಗ್ಯ ಮಾತ್ರ ಆಗಿ ಉಳಿಯಲಿಲ್ಲವಲ್ಲ.

ಠಾಣೆ_ತೆರಿಗೆದಾರ · ಬುಧವಾರ ಬೆಳಿಗ್ಗೆ 10:15

ಅದು ಖೋಲಿಯ ಸಮಸ್ಯೆ. ಹನ್ನೊಂದು ಜನರನ್ನ ಒಂದು ಖೋಲಿಯಲ್ಲಿ ಮಲಗಿಸಿದ್ದು ನೀವು.

ಹೋಟೆಲ್_ಹುಡುಗ (ಮಾಟುಂಗಾ) · ಬುಧವಾರ ಬೆಳಿಗ್ಗೆ 10:21

ಒಪ್ಪಿದೆ. ಮಾಟುಂಗಾದ ಬಾಡಿಗೆ ನೀವು ಕೊಡ್ತೀರಾ?

ನೈಟ್‌ಸ್ಕೂಲ್_ಮೇಷ್ಟ್ರು (ದಾದರ್) · ಬುಧವಾರ ಮಧ್ಯಾಹ್ನ 3:30

ಖೋಲಿ, ಬಾಡಿಗೆ, ಮಾಟುಂಗಾ, ಮೂರೂ ಒಟ್ಟಿಗೆ ಬಂದದ್ದು ನೋಡಿ ಸುಮ್ಮನಿರಲಾಗಲಿಲ್ಲ. ನಿವೃತ್ತ ಮೇಷ್ಟ್ರ ಚಾಳಿ, ಕ್ಷಮಿಸಿ.

ಈ ಮಾಟುಂಗಾವನ್ನು ಹುಟ್ಟಿಸಿದ್ದೇ ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯ ಗೋದಾಮುಗಳ ಮಗ್ಗುಲಿನ ಒಂದು ಮನೆಯಲ್ಲಿ ಗಡ್ಡೆಜ್ವರದ ರೋಗಿಯನ್ನು ನೋಡಿ "ಇದು ಪ್ಲೇಗು" ಎಂದು ಮೊದಲು ಹೇಳಿದವರು ಡಾ. ಅಕಾಸಿಯೊ ಗೇಬ್ರಿಯಲ್ ವೀಗಾಸ್. ಗೋವಾದ ಅರ್ಪೋರಾದವರು. ಮೆಟ್ರೋ ಸಿನೆಮಾದ ಹತ್ತಿರ ಅವರ ಪ್ರತಿಮೆ ಇದೆ, ಕೆಳಗೆ ಬಸ್ಸಿಗೆ ಕಾಯುವವರು ಒಬ್ಬರೂ ತಲೆ ಎತ್ತಿ ನೋಡುವುದಿಲ್ಲ. ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲಿಯೇ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಲಸಿಕೆ ಕುದುರಿಸಿ, 1897ರ ಜನವರಿ 10ರಂದು ಮೊದಲ ಚುಚ್ಚು ತಾನೇ ಹಾಕಿಸಿಕೊಂಡ. 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಗಾಳಿ ಬೆಳಕಿಲ್ಲದ ಮನೆಗಳನ್ನು ಕೆಡವಿ ಅಗಲ ರಸ್ತೆ ಬಿಡಿಸಿದರು, ಉತ್ತರಕ್ಕೆ ದಾದರ್, ಮಾಟುಂಗಾ, ಸಾಯನ್ ಬಡಾವಣೆಗಳನ್ನು ಹಾಕಿದರು. ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಹೋಯಿತು, ಅಲ್ಲಿ ಮಲ್ಲೇಶ್ವರ, ಬಸವನಗುಡಿ ಎದ್ದವು. ಈ ಎರಡೂ ಕಡೆ ಕಾಫಿ ಚೆನ್ನಾಗಿ ಸಿಗುವುದು ಕಾಕತಾಳೀಯ ಇರಬಹುದು.

ಡಾಕ್ಟರ ಔಷಧಿ ಆಗ ಏನಿತ್ತು? ಏನೂ ಇರಲಿಲ್ಲ. ಪ್ಲೇಗಿಗೆ ಕೆಲಸ ಮಾಡುವ ಮದ್ದು ಬಂದದ್ದು ದಶಕಗಳ ನಂತರ. ಅಲ್ಲಿಯವರೆಗೆ ಇದ್ದದ್ದು ಇಲಿ ಹಿಡಿಯುವುದು, ಮನೆ ಬಿಡಿಸುವುದು, ಲಸಿಕೆ, ಕಿಟಕಿ ಅಷ್ಟೇ. ಈ ಮುಂಬಯಿಯಲ್ಲಿ ಇಂದಿಗೂ ರಾತ್ರಿ ಟಾರ್ಚು ಕೋಲು ಹಿಡಿದು ಇಲಿ ಹೊಡೆಯುವ ಪಾಲಿಕೆ ನೌಕರರಿದ್ದಾರೆ, ಗೊತ್ತಲ್ಲ?

ಠಾಣೆ_ತೆರಿಗೆದಾರ · ಬುಧವಾರ ಸಂಜೆ 5:02

ಮೇಷ್ಟ್ರೇ, ಅರ್ಧ ಕತೆ ಹೇಳಿದ್ರಿ. ಉಳಿದರ್ಧ ನಾನು ಹೇಳ್ತೀನಿ. ಪುಣೆಯಲ್ಲಿ ಸಿಪಾಯಿಗಳು ಮನೆಮನೆ ನುಗ್ಗಿದ್ರು. ಅಡುಗೆಮನೆ ದೇವರಮನೆ ನೋಡಲಿಲ್ಲ, ಹೆಂಗಸರನ್ನ ಬೀದಿಗೆ ತಂದು ಪರೀಕ್ಷೆ ಮಾಡಿದ್ರು, ಸಾಮಾನು ಸುಟ್ರು. ಪ್ಲೇಗ್ ಕಮಿಷನರ್ ರ‍್ಯಾಂಡ್‌ನ 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಟ್ಟು ಹೊಡೆದಿದ್ದು ಯಾಕೆ? ಇದೇ "ಸಾರ್ವಜನಿಕ ಆರೋಗ್ಯ"ಕ್ಕೆ. ಬಾಗಿಲು ತೆಗೆಯಲ್ಲ ಅನ್ನೋದಕ್ಕೆ ನಮ್ಮ ಊರಲ್ಲಿ ದೊಡ್ಡ ಇತಿಹಾಸ ಇದೆ.

ನೈಟ್‌ಸ್ಕೂಲ್_ಮೇಷ್ಟ್ರು (ದಾದರ್) · ಬುಧವಾರ ಸಂಜೆ 5:40

ಒಪ್ಪಿದೆ, ಪಾಯಿಂಟು ನಿಮ್ಮದು. ಮುಂಬಯಿಯಲ್ಲೂ 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದ್ದರು, ಇಂದಿನ ಕಸ್ತೂರ್ಬಾ. ಹೋದವರು ತಿರುಗಿ ಬರುವುದಿಲ್ಲ ಎಂಬ ಭಯ.

ಆದರೆ ಅದೇ ಪುಣೆ, ಅದೇ 1897. ರ‍್ಯಾಂಡ್ ಗುಂಡು ತಿನ್ನುವ ಮೂರು ತಿಂಗಳ ಹಿಂದೆ, ಮಾರ್ಚ್ 10ಕ್ಕೆ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಮಗ ಯಶವಂತ ಡಾಕ್ಟರು. ಊರ ಹೊರಗೆ ದವಾಖಾನೆ ತೆರೆದಿದ್ದರು. ಸಾವಿತ್ರಿಬಾಯಿ ಸೋಂಕು ತಗುಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು, ಆ ಸೋಂಕೇ ಅವರನ್ನೂ ತೆಗೆದುಕೊಂಡಿತು. ಸಿಪಾಯಿಯೂ ಬಾಗಿಲು ಬಡಿದ, ಅವರೂ ಬಡಿದರು. ಜನ ಯಾರಿಗೆ ತೆಗೆದರು ಅಂತ ಯೋಚಿಸಿ.

ಸಿಸ್ಟರ್_ಅಕ್ಕ (ಮಾನ್‌ಖುರ್ದ್) · ಬುಧವಾರ ರಾತ್ರಿ 11:50

ಡ್ಯೂಟಿ ಮುಗಿಸಿ ಬಂದು ಓದ್ತಾ ಇದ್ದೀನಿ. ಬಾಗಿಲಿನ ಮಾತು ಬಂತಲ್ಲ, ನನ್ನದೊಂದು ಹೇಳ್ತೀನಿ.

2022ರ ಕೊನೆಯಲ್ಲಿ ಗೋವಂಡಿ ಕಡೆ ದಡಾರ ಎದ್ದಿತ್ತು, ಪೇಪರಿನಲ್ಲಿ ಓದಿರ್ತೀರಿ. ಮಕ್ಕಳು ಸತ್ತರು. ಕೋವಿಡ್ ಎರಡು ವರ್ಷದಲ್ಲಿ ಊರಿಗೆ ಹೋದವರು, ಬಂದವರು, ಮತ್ತೆ ಹೋದವರು, ಎಷ್ಟೋ ಮಕ್ಕಳಿಗೆ ಒಂಬತ್ತು ತಿಂಗಳ ಚುಚ್ಚುಮದ್ದೇ ತಪ್ಪಿತ್ತು. ಮನೆಮನೆ ಸರ್ವೆ ಶುರುವಾಯ್ತು. ನಮ್ಮ ತಂಡದಲ್ಲಿ ಇಬ್ಬರು ಆರೋಗ್ಯ ಸೇವಿಕೆಯರು, ಒಬ್ಬಳು ಮರಾಠಿ, ಒಬ್ಬಳು ಉರ್ದು ಮಾತಾಡುವವಳು. ಒಂದು ಗಲ್ಲಿಯಲ್ಲಿ ಏಳೆಂಟು ಮನೆ ಯಾದಗಿರಿ ಕಡೆಯವರು, ನಾಕಾದಲ್ಲಿ ನಿಂತು ಕೆಲಸ ಹಿಡಿಯುವವರು. ಮೂರು ಸಲ ಹೋದಾಗಲೂ ಒಂದೇ ಉತ್ತರ: "ಹೋ ಗಯಾ, ಹೋ ಗಯಾ." ರಿಜಿಸ್ಟರಿನಲ್ಲಿ ಟಿಕ್ ಬಿದ್ದಿತ್ತು.

ನಾನು ಹೋದ ದಿನ ಒಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಕಂಡ ಕೂಡಲೇ ಗೊತ್ತಾಯ್ತು. "ಗೊಬ್ಬರ ಆಗ್ಯಾದೇನವ್ವಾ ಕೂಸಿಗೆ?" ಅಂದೆ. ಮರಾಠಿಯವರು ಗೋವರ್ ಅಂತಾರೆ, ನಮ್ಮ ಕಡೆ ಗೊಬ್ಬರ. ಆ ತಾಯಿ ನನ್ನ ಮುಖ ನೋಡಿದಳು, ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಕನ್ನಡದಲ್ಲಿ ಒಬ್ಬರು ಕೇಳಿದ್ದು ಅದೇ ಮೊದಲಂತೆ. ಒಳಗೆ ಕರೆದು ತಗಡಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ರೇಷನ್ ಕಾರ್ಡು, ಮಗುವಿನ ಕಾಲಂದಿಗೆಯ ರಸೀದಿ, ಅದರ ನಡುವೆ ನಮ್ಮ ಕರ್ನಾಟಕದ ತಾಯಿ ಕಾರ್ಡ್! ಮೂರು ಸಲವೂ ಇದನ್ನೇ ತೋರಿಸಿದ್ದಳು. ಕನ್ನಡದಲ್ಲಿದ್ದದ್ದು ಅವರಿಗೆ ಓದಲು ಬರಲಿಲ್ಲ, ಕಾರ್ಡ್ ಇದೆ ಅಂದಮೇಲೆ ಆಗಿದೆ ಅಂತ ಬರೆದುಕೊಂಡರು. ನಾನು ಓದಿದೆ. ಹುಟ್ಟಿದ ದಿನದ್ದು ಇದೆ, ಆರು ವಾರದ್ದು ಇದೆ, ಹದಿನಾಲ್ಕು ವಾರದ ಕೋಷ್ಟಕದಲ್ಲಿ ಊರಿನ ಸಿಸ್ಟರ್ ಪೆನ್ಸಿಲಿನಲ್ಲಿ "ಊರಾಗಿಲ್ಲ" ಅಂತ ಬರೆದಿದ್ದಾರೆ. ಮುಂದಿನದೆಲ್ಲ ಖಾಲಿ.

"ಮತ್ತ ಆಗ್ಯಾದ ಅಂತ ಯಾಕ ಹೇಳಿದಿ?" ಅಂದರೆ, "ಎರಡು ಹನಿ ಹಾಕ್ಯಾರಲ್ರೀ ಸ್ಟೇಷನ್‌ನಾಗ" ಅಂದಳು. ಪೋಲಿಯೋ ಹನಿ. ಅವಳ ಲೆಕ್ಕದಲ್ಲಿ ಎಲ್ಲ ಆಗಿತ್ತು. ಸುಳ್ಳು ಹೇಳಿರಲಿಲ್ಲ ಅವಳು.

ಆ ಗಲ್ಲಿಯಲ್ಲಿ ಆ ಸಂಜೆ ಐದು ಮಕ್ಕಳು ಸಿಕ್ಕರು, ಚುಚ್ಚು ತಪ್ಪಿದವರು. ದಡಾರಕ್ಕೆ ನೂರರಲ್ಲಿ ತೊಂಬತ್ತೈದು ಮಕ್ಕಳಿಗಾದರೂ ಎರಡು ಡೋಸ್ ಆಗಿರಬೇಕು, ಇಲ್ಲದಿದ್ದರೆ ಸರಪಳಿ ಕಡಿಯಲ್ಲ. ಒಂದು ಮಗುವಿನಿಂದ ಹನ್ನೆರಡರಿಂದ ಹದಿನೆಂಟು ಮಕ್ಕಳಿಗೆ ಹರಡುವ ಸೋಂಕು ಅದು. ಆ ಉಳಿದ ಐದು ಜನ ಯಾವಾಗಲೂ ಹೀಗೆ ಒಂದೇ ಗಲ್ಲಿಯಲ್ಲಿ ಕೂಡಿಕೊಂಡಿರುತ್ತಾರೆ, ಕಷ್ಟ ಇರುವುದೇ ಅಲ್ಲಿ.

ಠಾಣೆಯವರೇ, ನಾನು ಗದರಿಸಿ ಒಳಗೆ ಹೋಗಲಿಲ್ಲ.

ಮುಲುಂಡ್_ಮಗಳು · ಗುರುವಾರ ಬೆಳಿಗ್ಗೆ 7:55

ಅಕ್ಕಾ 🙏 ಲೋಕಲ್‌ನಲ್ಲಿ ನಿಂತು ಓದ್ತಾ ಕಣ್ಣು ತುಂಬಿ ಬಂತು. ಆ ಮಗು ಹೇಗಿದೆ?

ಸಿಸ್ಟರ್_ಅಕ್ಕ (ಮಾನ್‌ಖುರ್ದ್) · ಗುರುವಾರ ಬೆಳಿಗ್ಗೆ 8:30

ವಿಟಮಿನ್ ಎ ಕೊಟ್ಟೆವು, ನಾಲ್ಕು ದಿನ ವಾರ್ಡಿನಲ್ಲಿತ್ತು, ಹುಷಾರಾಯ್ತು. ಈಗ ಬಾಲವಾಡಿಗೆ ಹೋಗ್ತಾಳೆ.

ಧಾಯರಿ_ಮೈಸೂರಿಗ (ಪುಣೆ) · ಗುರುವಾರ ಮಧ್ಯಾಹ್ನ 1:10

ನಾನು ಸಾಫ್ಟ್‌ವೇರ್‌ನೋನು, ಇದೆಲ್ಲ ನನಗೆ ಸಂಬಂಧ ಇಲ್ಲ ಅಂದ್ಕೊಂಡಿದ್ದೋನು. 2025ರ ಜನವರಿವರೆಗೆ.

ಸಿಂಹಗಡ ರಸ್ತೆ ಕಡೆ ನರಗಳು ಸೋಲುವ ಗಿಯಾಂ ಬಾರೆ ಕಾಯಿಲೆ ಬಂತಲ್ಲ, ಜಿಬಿಎಸ್. ನಾಂದೇಡ್ ಗಾಂವ್, ಕಿರ್ಕಟ್‌ವಾಡಿ, ಧಾಯರಿ, ನಮ್ಮದೇ ಸುತ್ತಮುತ್ತ. ಶಂಕಿತ ರೋಗಿಗಳು ಇನ್ನೂರು ದಾಟಿದ್ರು. ನಮ್ಮ ಕೆಳಗಿನ ಮನೆ ಅಂಕಲ್‌ಗೆ ಮೊದಲು ಭೇದಿ, ಎರಡು ದಿನಕ್ಕೆ ನಿಂತಿತ್ತು. ಹತ್ತು ದಿನ ಬಿಟ್ಟು ಬೆಳಿಗ್ಗೆ ಚಪ್ಪಲಿ ಕಾಲಲ್ಲಿ ನಿಲ್ತಿಲ್ಲ ಅಂದ್ರು. ನಾವು ನಕ್ಕಿದ್ವಿ. ಸಂಜೆಗೆ ಮೆಟ್ಟಿಲು ಹತ್ತೋಕಾಗಲಿಲ್ಲ, ಮಾರನೇ ದಿನ ಐಸಿಯು. ಹೊಟ್ಟೆಗೆ ಸೇರಿದ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ವಿರುದ್ಧ ದೇಹ ತಯಾರು ಮಾಡಿದ ಪ್ರತಿಕಾಯಗಳೇ ಗುರುತು ತಪ್ಪಿ ನರಗಳ ಮೇಲೆ ಬೀಳ್ತವಂತೆ. ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಬಿಲ್ ನೋಡಿ ಅವರ ಮಗ ಕಾರ್ ಮಾರಿದ. ಇನ್ಶೂರೆನ್ಸ್ ಇತ್ತು ಸಾರ್, ಠಾಣೆಯವರೇ. ಸಾಲಲಿಲ್ಲ.

ಇದನ್ನ ಪತ್ತೆ ಹಚ್ಚಿದ್ದು ಹೇಗೆ ಗೊತ್ತಾ? ಒಂದೊಂದು ಆಸ್ಪತ್ರೆಗೂ ಕಾಣೋದು ಒಂದೋ ಎರಡೋ ಕೇಸು. ಎಲ್ಲವನ್ನೂ ಒಂದೇ ನಕ್ಷೆ ಮೇಲೆ ಚುಕ್ಕೆ ಹಾಕಿದಾಗ ಚುಕ್ಕೆಗಳೆಲ್ಲ ಒಂದೇ ಕಡೆ, ಒಂದು ಬಾವಿಯ ನೀರು ಹೋಗೋ ಕಡೆ. ಮಲದ ಸ್ಯಾಂಪಲ್‌ನಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿದ್ದು ಇಲ್ಲಿಯ ವೈರಾಣು ಸಂಸ್ಥೆಯಲ್ಲಿ, ಎನ್‌ಐವಿ. ನಮ್ಮ ಕ್ಯಾಸನೂರಿನ ಮಂಗನ ಕಾಯಿಲೆಯ ವೈರಸ್ಸನ್ನ 1957ರಲ್ಲಿ ಗುರುತಿಸಿದ್ದೂ ಇದೇ ಸಂಸ್ಥೆ, ಆಗ ಹೆಸರು ಬೇರೆ ಇತ್ತು.

ಆ ವಾರ ಮನೆಗೆ ಒಬ್ಬ ಹುಡುಗ ಬಂದ, ಬೆನ್ನಿಗೆ ಚೀಲ. ನಲ್ಲಿ ನೀರು ಒಂದು ಗಾಜಿನ ಕೊಳವೆಗೆ ಹಿಡಿದು ಎರಡು ಹನಿ ಹಾಕಿದ. ಬಣ್ಣ ತಿರುಗಲಿಲ್ಲ. ಹಳದಿ ಬರಬೇಕಿತ್ತು, ಅಂದ್ರೆ ಕ್ಲೋರಿನ್ ಉಳಿದಿದೆ ಅಂತ. ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ನಲ್ಲಿ ತುದೀಲಿ ಉಳಿದಿರಬೇಕು. ನಾವು ಮಹಾ ಜಾಣರು, ಕ್ಲೋರಿನ್ ವಾಸನೆ ಬರುತ್ತೆ ಅಂತ ಹೋದ ವರ್ಷ ದೂರು ಕೊಟ್ಟಿದ್ದೋರು ನಾವೇ.

ವಾಸ್ಕೋ_ಮೇಸ್ತ್ರಿ · ಗುರುವಾರ ರಾತ್ರಿ 9:15

ನಮಸ್ಕಾರ್ರಿ. ನಂದು ಬಾಗಲಕೋಟಿ ಜಿಲ್ಲಾ, ಗೋವಾದಾಗ 19 ವರ್ಷ ಆತು. ಸೆಂಟ್ರಿಂಗ್ ಕೆಲಸ.

ಇಲ್ಲಿ ಕಟ್ಟಡ ಕೆಲಸದವರಿಗೆಲ್ಲ ಹೆಲ್ತ್ ಕಾರ್ಡ್ ಮಾಡಸಬೇಕು, ರಕ್ತ ಕೊಡಬೇಕು, ಮಲೇರಿಯಾ ಐತೇನು ಅಂತ ನೋಡತಾರ. ಮೊದ್ಲಿಗೆ ನಮಗ ಭಾಳ ಬ್ಯಾಸರ ಆಕ್ಕಿತ್ತು. ಮೊದಲ ನಮ್ಮನ್ನ ಘಾಟಿ ಘಾಟಿ ಅಂತಾರ, ಘಟ್ಟದ ಮ್ಯಾಲಿಂದ ಬಂದವ್ರು ಅಂತ, ಜ್ವರಾನೂ ನಾವ ತಂದೀವಿ ಅಂತಾರ, ಮ್ಯಾಲ ರಕ್ತ ಬ್ಯಾರೆ ಕೊಡಬೇಕಾ ಅಂತ. ಒಂದ್ಸಲ ಹುಡುಗ್ರು ಗೋಡಿ ಹಾರಿ ಓಡಿ ಹೋಗಿದ್ರು.

ಆಮ್ಯಾಗ ಒಬ್ಬ ಹುಡುಗಗ ಪಾಸಿಟಿವ್ ಬಂತು. ಜ್ವರ ಇಲ್ಲ, ಏನಿಲ್ಲ, ಅವತ್ತ ಸಿಮೆಂಟ್ ಚೀಲ ಹೊತ್ತಿದ್ದ. ಮೈಯಾಗ ಇಟ್ಕೊಂಡು ತಿರಗಾಡತಿದ್ದ ಅಂದ್ಹಂಗಾತು. ಅವಂಗ ಮಾತ್ರಿ ಕೊಟ್ರು, ಆಮ್ಯಾಗ ಸಾಯಿಟಿಗೆ ಬಂದು ನಮ್ಮ ಸ್ಲ್ಯಾಬ್ ನೋಡಿದ್ರು. ಸ್ಲ್ಯಾಬ್ ಹಾಕಿದ ಮ್ಯಾಲ ಸಿಮೆಂಟ್ ಮಸಾಲಿ ಒಡ್ಡು ಕಟ್ಟಿ ನೀರು ನಿಲ್ಲಸ್ತೀವಲ್ರಿ, ಕ್ಯೂರಿಂಗ್‌ಗೆ, ಎಂಟ್ಹತ್ತು ದಿನ. ಕಾಕಾರು ಹೇಳಿದ ಲೆಕ್ಕ ಬರೋಬ್ಬರಿ ಅಷ್ಟ ದಿನ! ನಾವ ಸೊಳ್ಳಿಗೆ ಹೊಲ ಹಸನ ಮಾಡಿ ಕೊಟ್ಟಂಗ. ಈಗ ನಾಕ್ ದಿನಕ್ಕೊಮ್ಮಿ ಪೂರಾ ಒಣಗಿಸಿ ಮತ್ತ ನೀರು ಬಿಡ್ತೀವಿ, ಇಲ್ಲಾ ಗೋಣಿಚೀಲ ಹಾಸಿ ತೊಯ್ಸತೀವಿ. ಲಿಫ್ಟಿನ ತೆಗ್ಗಿಗೆ ಗಪ್ಪಿ ಮೀನಾ ಬಿಟ್ಟೀವಿ.

ಒಂದ ಮಾತು. ಕಾರ್ಡ್ ಕೇಳೂದು ಬರೇ ನಮಗ. ಫ್ಲ್ಯಾಟ್ ತಗೊಂಡವರಿಗೆ ಯಾರೂ ಕೇಳೂದಿಲ್ಲ. ಸೊಳ್ಳಿಗೆ ಗೊತ್ತೈತೇನ್ರಿ ಯಾರು ಘಾಟಿ ಅಂತ?

ಪರಳ_ಕಾಕಾ · ಶುಕ್ರವಾರ ಬೆಳಿಗ್ಗೆ 6:05

ಮೇಸ್ತ್ರಿ, ನಿಮ್ಮ ಕಡೀ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. 31 ವರ್ಷ ನಾನೂ ಅದನ್ನ ನೋಡೀನಿ. ಝೋಪಡಪಟ್ಟಿಯವರು ನಮ್ಮನ್ನ ಒಳಗ ಕರದು ಚಹಾ ಕೊಡ್ತಿದ್ರು, ದೊಡ್ಡ ಬಿಲ್ಡಿಂಗ್‌ನ್ಯಾಗ ಗೇಟಿನ್ಯಾಗ ನಿಂದರಿಸ್ತಿದ್ರು. ನೋಟಿಸ್ ಮಾತ್ರ ಝೋಪಡಪಟ್ಟಿ ಡ್ರಮ್ಮಿಗೆ ಲಗೂನ ಬೀಳ್ತಿತ್ತು.

ಠಾಣೆಯವ್ರು ಹೇಳಿದ ಸಿಪಾಯಿ ಮಾತು ನಾವು ಹೊಸದಾಗಿ ಸೇರಿದಾಗ ಮುಕಾದಮ ಹೇಳ್ತಿದ್ದ. ಚಪ್ಪಲಿ ಹೊರಗ ಬಿಡು. ಅಡಗಿ ಮನಿಗೆ ಕೇಳಿ ಹೋಗು. ಹುಳ ಸಿಕ್ಕರ ಮೊದಲ ಮನಿ ಹೆಣ್ಣುಮಗಳಿಗೆ ತೋರಸು, ಆಮ್ಯಾಲ ಬರಿ. ಭಾಯಖಳಾದಾಗ ಒಬ್ಬ ಅಜ್ಜಿ, ನಮ್ಮ ವಿಜಯಪುರ ಕಡೀವಳು, ದೇವರ ಮುಂದಿನ ತಾಮ್ರದ ತಂಬಗಿ ಮುಟ್ಟಲಿಕ್ಕೆ ಕೊಡಲಿಲ್ಲ. ಗಂಗಾಜಲ ಅದ, ಮುಟ್ಟಬ್ಯಾಡ ಅಂದಳು. ನಾ ಮುಟ್ಟಲಿಲ್ಲ. ಟಾರ್ಚ್ ಅಕಿ ಕೈಯಾಗ ಕೊಟ್ಟೆ, "ನೀನ ನೋಡವ್ವ" ಅಂದೆ. ಅಕಿ ನೋಡಿ, ತಂಬಗಿ ತಗೊಂಡು ತುಳಸಿಗೆ ಹಾಕಿ ಬಂದು ಬೂದಿ ಹಚ್ಚಿ ತಿಕ್ಕಲಿಕ್ಕೆ ಕುಂತಳು. ಒಂದ ಮಾತು ಆಡಲಿಲ್ಲ.

ಇನ್ನ ಬಾವಿ ಮಾತು. 1911ರಾಗ ಬೆಂಟ್ಲಿ ಅನ್ನೋ ಡಾಕ್ಟರ್ ಮುಂಬೈ ಮಲೇರಿಯಾದ ವರದಿ ಕೊಟ್ಟ: ಸೊಳ್ಳಿ ಹೊಲದಾಗಿಲ್ಲ, ನಿಮ್ಮ ಮನೀ ಬಾವ್ಯಾಗ ಅದ. ಬಾವಿ ಮುಚ್ರಿ ಅಂದ್ರ ಧರ್ಮಕ್ಕ ಬಂತು ಅಂತ ಜಗಳ. ಕಡೀಕ ಪೂಜಾದ ಬಾವಿಗೆ ತಂತಿ ಜಾಳಗಿ ಬಡದು, ಸಣ್ಣ ಬಾಗಲಾ ಇಟ್ಟು ಬಿಡೂಣು ಅಂತ ಒಪ್ಪಂದ ಆಯ್ತು. ಜಗಳ ಆಗ್ಲಿ, ಹೊಸದೇನಲ್ಲ. ಜಗಳಾಡಿ ಜಾಳಗಿ ಬಡೀರಿ.

ಠಾಣೆ_ತೆರಿಗೆದಾರ · ಶುಕ್ರವಾರ ಮಧ್ಯಾಹ್ನ 12:40

ಸರಿ, ಪೂರ್ತಿ ಸೋತೆ ಅಂತ ಬರೆಯಲ್ಲ. ಐಡಿ ಕಾರ್ಡ್ ತೋರಿಸದೆ ಬರಬಾರದು, ಹಿಂದಿನ ದಿನ ಬೋರ್ಡಿನಲ್ಲಿ ಸೂಚನೆ ಹಾಕ್ಬೇಕು, ಒಂಟಿ ಹೆಂಗಸರಿರೋ ಮನೆಗೆ ಮಹಿಳಾ ಸಿಬ್ಬಂದಿ ಬರ್ಬೇಕು. ಅಷ್ಟಿದ್ರೆ ನಾನು ತೆಗೀತೀನಿ. ಮೇಸ್ತ್ರಿ ಹೇಳಿದ್ದೂ ಸರಿ: ನೋಡೋದಾದ್ರೆ ಎಲ್ಲರ ಮನೆ ನೋಡಿ.

ಆದ್ರೆ ಮನೆಮನೆ ಸರ್ವೆಯಿಂದಲೇ ಧಾರಾವಿ ಝೋಪಡಪಟ್ಟೀಲಿ ಕೊರೊನಾ ತಡೆದ್ರು ಅಂತ ಯಾರೂ ಶುರು ಮಾಡ್ಬೇಡಿ. 2020ರ ಜುಲೈಯಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತ ನೋಡಿದಾಗ ಝೋಪಡಪಟ್ಟಿಯವರಲ್ಲಿ ಶೇ. 57 ಜನಕ್ಕೆ ಕೊರೊನಾ ಆಗಲೇ ಬಂದು ಹೋಗಿತ್ತು, ಕಟ್ಟಡಗಳಲ್ಲಿ ಶೇ. 16. ಸರ್ವೆ ಮಾಡಿದ್ರೂ ಹರಡಿತು ಅಲ್ವಾ.

ಸಿಸ್ಟರ್_ಅಕ್ಕ (ಮಾನ್‌ಖುರ್ದ್) · ಶುಕ್ರವಾರ ಮಧ್ಯಾಹ್ನ 2:15

ಹರಡಿತು. ಎಂಬತ್ತು ಜನಕ್ಕೆ ಒಂದು ಸಂಡಾಸು ಇರುವ ಕಡೆ ಹರಡದೆ ಏನಾಗುತ್ತೆ? ಆ 57ಕ್ಕೂ 16ಕ್ಕೂ ನಡುವೆ ಇರುವುದು ವೈರಸ್ಸಲ್ಲ, ಸಂಡಾಸು ಮತ್ತು ಖೋಲಿ. ಮನೆಮನೆ ಹೋದದ್ದರಿಂದ ಉಸಿರು ಕಟ್ಟಿದವರು ಬೇಗ ಸಿಕ್ಕರು, ನೀಲಿಗಟ್ಟುವ ಮೊದಲು. ನಾವು ಅಷ್ಟೇ ಮಾಡಿದ್ದು, ಅದಕ್ಕಿಂತ ಹೆಚ್ಚು ಮಾಡಿದೆವು ಅಂತ ನಾನು ಹೇಳಲ್ಲ.

ಹದಿನಾಲ್ಕನೇ_ಮಹಡಿ (ಕಾಂದಿವಲಿ) · ಭಾನುವಾರ ಸಂಜೆ 7:30

ಮೀಟಿಂಗ್ ಮುಗಿಯಿತು. ಠರಾವು ಬಿದ್ದುಹೋಯಿತು, ಆದರೆ ದೊಡ್ಡ ಅಂತರದಲ್ಲಿ ಅಲ್ಲ. ಠಾಣೆಯವರ ಮೂರು ಷರತ್ತು ಹಾಗೆಯೇ ಮರಾಠಿಗೆ ಮಾಡಿ ಓದಿದೆ, ಅದರಿಂದಲೇ ನಾಲ್ಕೈದು ವೋಟು ತಿರುಗಿತು. ಏಣಿಗೂ ಮುಚ್ಚಳಕ್ಕೂ ದುಡ್ಡು ಮಂಜೂರು.

ಆಮೇಲೆ ಹೇಳಲಿಕ್ಕೆ ನಾಚಿಕೆ ಆಗುವ ವಿಷಯ. ಬೆಳಿಗ್ಗೆ ಆ ಇಬ್ಬರು ಪುನಃ ಬಂದಿದ್ದರು. ಫ್ಲ್ಯಾಟಿಗೆ ಹೋಗುವ ಮೊದಲು ಪಂಪ್ ರೂಮ್ ತೆಗೆಯಿರಿ ಅಂದರು. ನಮ್ಮ ರಾತ್ರಿ ವಾಚ್‌ಮನ್ ಅಲ್ಲೇ ಮಲಗುವುದು. ಅಲ್ಲಿ ಅವನದ್ದೊಂದು ನೀಲಿ ಡ್ರಮ್ಮು, ಅರ್ಧ ನೀರು. ಸೌಟು ಒಂದು ಸಲ ಅದ್ದಿದ್ದಕ್ಕೆ ಹದಿನೈದಿಪ್ಪತ್ತು ಹುಳ, ಎಲ್ಲ ತಲೆಕೆಳಗೆ. ಕಾಕಾ ಹೇಳಿದ ಹಾಗೆಯೇ. ಡ್ರಮ್ಮು ಯಾಕೆ ಇಟ್ಟಿದ್ದೀ ಅಂತ ಕೇಳಿದೆ. "ಸಾಬ್, ಇಲ್ಲಿ ನಲ್ಲಿ ಇಲ್ಲವಲ್ಲ" ಅಂದ. ಎರಡು ವರ್ಷದಿಂದ ಗಾರ್ಡನ್ ಪೈಪಿನಿಂದ ತುಂಬಿಸಿಕೊಳ್ಳುತ್ತಾ ಇದ್ದಾನೆ. ಬಿ ವಿಂಗಿನ ಆ ಮೂರೂ ಮನೆ ಪಂಪ್ ರೂಮಿನ ನೇರ ಮೇಲೆ, ಮೊದಲ ಎರಡು ಮಹಡಿ. ಅದೇ ಕಾರಣವೋ ಏನೋ.

ಪರಳ_ಕಾಕಾ · ಭಾನುವಾರ ಸಂಜೆ 7:52

ನಳ ಹಾಕಿಸ್ರಿ, ಅರ್ಧಾ ದಿನದ ಕೆಲಸ. ಡ್ರಮ್ಮು ಒಗೀಬ್ಯಾಡ್ರಿ, ಒಳಗ ಬ್ರಶ್ ಹಚ್ಚಿ ತಿಕ್ಕಿ ಬಿಸಲಿಗೆ ಬೋರಲ ಹಾಕ್ರಿ. ಅಂವಗ ಜ್ವರ ಬಂದಿತ್ತೇನು, ಈ ತಿಂಗಳದಾಗ?

ಹದಿನಾಲ್ಕನೇ_ಮಹಡಿ (ಕಾಂದಿವಲಿ) · ಭಾನುವಾರ ರಾತ್ರಿ 8:20

ಈಗ ಕೆಳಗೆ ಹೋಗಿ ಕೇಳಿ ಬಂದೆ. ಬಂದಿತ್ತಂತೆ, ನಾಲ್ಕು ದಿನ. ರಜೆ ಕೊಡುವುದಿಲ್ಲ ಅಂತ ಯಾರಿಗೂ ಹೇಳಲಿಲ್ಲವಂತೆ. ನಾಳೆ ಎಂಟು ಗಂಟೆಗೆ ಡಿಸ್ಪೆನ್ಸರಿ ತೆರೆಯುತ್ತದೆ, ನಾನೇ ಕರೆದುಕೊಂಡು ಹೋಗುತ್ತೇನೆ.